ಗಾದೆಗೆ ಮುಂಚಿನ ಅಪ್ಪಣೆ

ನಾನು ಮಾಡುತ್ತಿದ್ದ ಕೆಲಸ ಏನೆಂದು ನಮ್ಮವರಿಗೆ ವಿವರಿಸುವುದೇ ಒಂದು ಕೆಲಸವಾಗಿತ್ತು. ಸರಟೋಗಾದಲ್ಲೋ ಫ್ರೀಮಾಂಟಿನಲ್ಲೋ ಯಾರ ಮನೆಯ ಪೂಜೆಗೆ ಹೋದರೂ ನನ್ನ ಗಂಡ "ಇವಳು ಸಿನಿಮಾದಲ್ಲಿದ್ದಾಳೆ" ಎಂದು ಪರಿಚಯ ಮಾಡಿಸಿ, ತಾವು ಪ್ರಸಾದದ ಕಡೆ ನಡೆದುಬಿಡುತ್ತಿದ್ದರು. ಎದುರಿಗಿದ್ದವರ ಕಣ್ಣು ಅರಳುತ್ತಿತ್ತು. ನಾನು ಸಂಭಾಷಣೆ ಸಂಕಲನ ಮಾಡುವವಳು, ಅಂದರೆ ನಟರ ಮಾತಿನ ನಡುವಿನ ಕೆಮ್ಮು, ಬಾಯಿ ಚಪ್ಪರಿಕೆ, ಹಿಂದಿನ ಫ್ರಿಜ್ಜಿನ ಗುಂಯ್ ಸದ್ದು ಇವನ್ನೆಲ್ಲ ತೆಗೆದು ಮಾತನ್ನು ಹಸನು ಮಾಡುವವಳು ಎಂದ ಕೂಡಲೇ ಅರಳಿದ ಕಣ್ಣು ಮತ್ತೆ ಮೊದಲಿನಂತಾಗುತ್ತಿತ್ತು. "ಓ, ಸೌಂಡಾ? ನಮ್ಮನೆ ಟಿವಿ ಸ್ಪೀಕರು ಕರಕರ ಅಂತಿದೆ, ಏನಿರಬಹುದು?" ಎಂದು ಕೇಳುತ್ತಿದ್ದರು.

ನಿವೃತ್ತಳಾದ ಮೇಲೂ ಸ್ಪೀಕರಿನ ಪ್ರಶ್ನೆ ನಿಂತಿಲ್ಲ. ಆದರೆ ಈಚೆಗೆ ಬೇರೆ ತರದವರೂ ನಮ್ಮ ಮನೆಗೆ ಬರುತ್ತಿದ್ದಾರೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರು, ಕೋಡಿಂಗ್ ಸಾಕು, ಧ್ವನಿಯ ಕೆಲಸ ಕಲಿಯುತ್ತೇವೆ ಎನ್ನುವವರು. ಅವರ ಅಪ್ಪ ಅಮ್ಮ "ನೀವೇ ಸ್ವಲ್ಪ ಬುದ್ಧಿ ಹೇಳಿ" ಎಂದು ಕಳಿಸುತ್ತಾರೆ. ಯಾವ ಬುದ್ಧಿ ಎಂಬುದು ನನಗೆ ಗೊತ್ತಿದೆ, ಅದನ್ನು ನಾನು ಹೇಳುವುದಿಲ್ಲ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಬರೆದಿಡುತ್ತೇನೆ. ಕನ್ನಡ ಓದಲು ಬಾರದ ಮಕ್ಕಳಿಗೆ ಅವರ ಅಪ್ಪ ಅಮ್ಮನೇ ಕೂತು ಓದಿ ಹೇಳಲಿ, ಅದು ಅವರಿಗೆ ನನ್ನ ಕಡೆಯಿಂದ ಸಣ್ಣ ಶಿಕ್ಷೆ.

ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಮಗಳು ಡೇಕೇರಿಗೆ ಹೋಗಲು ಶುರುಮಾಡಿದ ಮೇಲೆ ನಾನು ಬರ್ಕ್ಲಿ ಕಡೆಯ ಒಂದು ಚಿಕ್ಕ ಸ್ಟುಡಿಯೋಕ್ಕೆ ಸೇರಿದೆ. ಅಲ್ಲಿ ನನ್ನ ಮೇಲಧಿಕಾರಿ ವಾಲ್ಟರ್. ಮಾತು, ಸಂಗೀತ, ಸದ್ದು ಎಲ್ಲವನ್ನೂ ಕೊನೆಗೆ ಕಲಸಿ ಒಂದು ಮಾಡುವ ಮಿಕ್ಸರ್ ಅವನೇ. ದೊಡ್ಡ ಹೊಟ್ಟೆ, ಸಣ್ಣ ಕೋಪ, ಮಧ್ಯಾಹ್ನದ ಮೇಲೆ ಯಾರ ಮಾತೂ ರುಚಿಸದ ಮನುಷ್ಯ. ಆದರೆ ತನ್ನ ಎಡವಟ್ಟುಗಳನ್ನು ತಾನೇ ಹೇಳಿಕೊಂಡು ನಗುತ್ತಿದ್ದ. ತನ್ನ ಹರೆಯದಲ್ಲಿ ಒಬ್ಬ ಮುದುಕನ ಸಂದರ್ಶನದಿಂದ ಉಸಿರಿನ ಸದ್ದನ್ನೆಲ್ಲ ಎಷ್ಟು ಚೊಕ್ಕಟವಾಗಿ ತೆಗೆದಿದ್ದನೆಂದರೆ, ನೋಡಲು ಬಂದವರು "ಈ ಯಜಮಾನರು ಯಾವಾಗ ತೀರಿಕೊಂಡರು?" ಎಂದು ವಿಚಾರಿಸಿದ್ದರಂತೆ. ಮುದುಕ ಅದೇ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದನಂತೆ.

ವಾಲ್ಟರ್ ನನಗೆ ಕಲಿಸಿದ್ದು ಇಷ್ಟು: ಉಸಿರನ್ನು ಮುಟ್ಟಬೇಡ. ಮಾತಿನ ನಡುವೆ ಖಾಲಿ ಜಾಗ ಬಿಡಬೇಡ, ಬಿಟ್ಟರೆ ನೋಡುವವರು ಫೋನು ತೆಗೆಯುತ್ತಾರೆ. ಮತ್ತೆ, ಏನನ್ನು ಕತ್ತರಿಸಿದರೂ ಎಸೆಯಬೇಡ. ಕಂಪ್ಯೂಟರಿನ ತೆರೆಯ ಮೇಲೆ ಮಾತುಗಳೆಲ್ಲ ಪಟ್ಟಿ ಪಟ್ಟಿಯಾಗಿ ಕಾಣುತ್ತವೆ. ಒಂದೊಂದು ಪಟ್ಟಿಗೂ ಟ್ರ್ಯಾಕ್ ಎನ್ನುತ್ತೇವೆ. ಬೇಡವಾದ ತುಣುಕನ್ನು ಎಲ್ಲಕ್ಕಿಂತ ಕೆಳಗಿನ ಟ್ರ್ಯಾಕಿಗೆ ತಳ್ಳಿ ಅದರ ಬಾಯಿ ಮುಚ್ಚಿ ಇಡುವುದು ನಮ್ಮ ಪದ್ಧತಿ. ಅಮ್ಮಂದಿರು ಒಡೆದ ಡಬ್ಬಿಯ ಮುಚ್ಚಳವನ್ನೂ ಅಟ್ಟದ ಮೇಲೆ ಇಡುವುದಿಲ್ಲವೇ, ಹಾಗೆ. ಟೇಪು ಕತ್ತರಿಸುವ ಬ್ಲೇಡು ಹೋಗಿ ಕಂಪ್ಯೂಟರು ಬಂತು, ಅದರ ಹಿಂದೆಯೇ ಒಂದು ಬಟನ್ನು ಒತ್ತಿದರೆ ತೊದಲನ್ನೂ ತಡವರಿಕೆಯನ್ನೂ ತಾನೇ ಹುಡುಕಿ ತೆಗೆಯುವ ಸಾಫ್ಟ್‌ವೇರು ಬಂತು. ಕೆಳಗಿನ ಟ್ರ್ಯಾಕ್ ಮಾತ್ರ ಹಾಗೇ ಉಳಿಯಿತು. ಈಗ ಹೇಳಹೊರಟಿರುವ ಕತೆಯೂ ಅದರಿಂದಲೇ ಉಳಿಯಿತು.

ಓಕ್ಲ್ಯಾಂಡಿನ ಕಡೆ ನೈಜೀರಿಯಾದ ಕುಟುಂಬಗಳು ಬಹಳ ಇವೆ. ಅವರ ಮಕ್ಕಳು ಸಿನಿಮಾ ಮಾಡತೊಡಗಿದಾಗ ಕಡಿಮೆ ಖರ್ಚಿನ ನಮ್ಮ ಸ್ಟುಡಿಯೋಕ್ಕೆ ಬರುತ್ತಿದ್ದರು. ಹಾಗೆ ಬಂದವಳು ಫೊಲಾಕೆ. ಯೊರುಬಾ ಮಾತೃಭಾಷೆಯ ಮನೆಯಲ್ಲಿ ಹುಟ್ಟಿ ಯೂನಿಯನ್ ಸಿಟಿಯಲ್ಲಿ ಬೆಳೆದ ಹುಡುಗಿ. ಮೆಡಿಕಲ್ ಓದನ್ನು ಅರ್ಧಕ್ಕೆ ಬಿಟ್ಟು ಕ್ಯಾಮೆರಾ ಹಿಡಿದವಳು. ಮೊದಲ ದಿನವೇ ನನ್ನನ್ನು "ಆಂಟಿ" ಎಂದಳು. ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಅವರಲ್ಲೂ ದೊಡ್ಡ ಹೆಂಗಸರನ್ನೆಲ್ಲ ಆಂಟಿ ಎಂದೇ ಕರೆಯುತ್ತಾರಂತೆ. ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಇಲ್ಲಿ ನಮ್ಮ ಮನೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವಳ ಮಾತು ನನಗೆ ನೆನಪಾಗುವುದೂ ಹಾಗೆಯೇ.

ಯೊರುಬಾ ನನಗೆ ಒಂದಕ್ಷರವೂ ಬಾರದು. ಆದರೆ ಧ್ವನಿಯ ಕೆಲಸದವಳಿಗೆ ಅದು ಹಬ್ಬದೂಟ. ಅದರಲ್ಲಿ ಪ್ರತಿ ಉಚ್ಚಾರಕ್ಕೂ ಒಂದು ಎತ್ತರವಿದೆ: ಮೇಲು, ನಡು, ಕೆಳಗು. ಎತ್ತರ ಬದಲಾದರೆ ಅರ್ಥವೇ ಬೇರೆ. ಹಾಗಾಗಿ ಕಂಕುಳಲ್ಲಿ ಹಿಡಿದು ಬಾರಿಸುವ ಅವರ ಡೋಲು ಬಾಯಿಲ್ಲದೆಯೇ ಗಾದೆ ಹೇಳಬಲ್ಲದು. ಅದರ ಏರಿಳಿತ ಕೇಳಿಯೇ ಜನ ಇದು ಇಂಥ ಗಾದೆ ಎಂದು ತಲೆದೂಗುತ್ತಾರೆ. ಸಿನಿಮಾದಲ್ಲೂ ಅಷ್ಟೆ. ಪಾತ್ರ ಗಾದೆಗೆ ಇಳಿಯಿತು ಎಂಬುದು ಭಾಷೆ ಬಾರದ ನನಗೂ ತಿಳಿಯುತ್ತಿತ್ತು. ಮಾತಿನ ನಡಿಗೆ ನಿಧಾನವಾಗಿ, ಎರಡು ಭಾಗವಾಗಿ ತೂಗುತ್ತಿತ್ತು. ಒಮ್ಮೆ ನಮ್ಮ ಸ್ಟುಡಿಯೋದ ಒಬ್ಬ ಮಹಾಶಯ ಒಂದೇ ಮಾತನ್ನು ಎರಡು ಸಲ ಹಿಡಿದಿದ್ದ ಟೇಕುಗಳು ಒಂದಕ್ಕೊಂದು ಹೊಂದಲಿ ಎಂದು ಒಂದು ಗಾದೆಯ ಏರಿಳಿತವನ್ನು ಸಾಫ್ಟ್‌ವೇರಿನಿಂದ ಇಸ್ತ್ರಿ ಮಾಡಿಟ್ಟ. ಫೊಲಾಕೆ ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಆಂಟಿ, ಈಗ ಇವನು ಏನೂ ಹೇಳ್ತಾನೇ ಇಲ್ಲ, ಬರೀ ಬಾಯಿ ಆಡಿಸ್ತಿದಾನೆ" ಎಂದಳು.

ಅವಳ ಎರಡನೆಯ ಸಿನಿಮಾ ಬಂದಾಗ ವಿಷಯ ನಗುವಂಥದ್ದಾಗಿರಲಿಲ್ಲ. ಕತೆ ಸರಳ: ಜಗಳವಾಡಿ ಮನೆ ಬಿಟ್ಟುಹೋದ ಹುಡುಗನೊಬ್ಬ ವರ್ಷಗಳ ಮೇಲೆ ತನ್ನನ್ನು ಸಾಕಿದ ಚಿಕ್ಕಪ್ಪನ ಮನೆಗೆ ಬರುತ್ತಾನೆ. ನೇರವಾಗಿ ಏನೂ ಹೇಳಲಾರದೆ ಒಂದು ಗಾದೆ ಹೇಳುತ್ತಾನೆ. ಚಿಕ್ಕಪ್ಪ ಅವನನ್ನು ಮತ್ತೆ ಮನೆಗೆ ಸೇರಿಸಿಕೊಳ್ಳುತ್ತಾನೆ. ಆ ಚಿಕ್ಕಪ್ಪನ ಪಾತ್ರ ಮಾಡಿದ್ದು ಫೊಲಾಕೆಯ ಸ್ವಂತ ಅಪ್ಪ. ಎಲ್ಲರೂ ಅವರನ್ನು ಬಾಬಾ ಎನ್ನುತ್ತಿದ್ದರು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಮಗಳು ಡಾಕ್ಟರಿಕೆ ಬಿಟ್ಟಾಗಿನಿಂದ ಅವಳೊಂದಿಗೆ ಹವಾಮಾನದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಸಿನಿಮಾದಲ್ಲಿ ನಟಿಸಲು ಒಪ್ಪಿದ್ದೇ ದೊಡ್ಡದು ಎಂದು ಅವಳು ಕುಣಿದಾಡಿದ್ದಳು. "ಸಿನಿಮಾ ಮುಗಿದ ಮೇಲೆ ಓಕ್ಲ್ಯಾಂಡ್ ಹಾಲಲ್ಲಿ ನಮ್ಮ ಹಿರಿಯರಿಗೆಲ್ಲ ತೋರಿಸ್ತೀನಿ. ಅಪ್ಪ ಮುಂದಿನ ಸಾಲಲ್ಲಿ ಕೂರ್ಬೇಕು, ಆಂಟಿ. ನನಗೆ ಅಷ್ಟೇ ಸಾಕು" ಎನ್ನುತ್ತಿದ್ದಳು. ಅವಳು ಈ ಸಿನಿಮಾ ಮಾಡಿದ್ದೇ ಅದಕ್ಕೆ ಎಂದು ಸ್ಟುಡಿಯೋದ ಕಸ ಗುಡಿಸುವವನಿಗೂ ಗೊತ್ತಿತ್ತು.

ಕೊನೆಯ ದೃಶ್ಯದಲ್ಲಿ ಬಾಬಾರ ಒಂದು ಸಾಲು ಬೀದಿಯ ಕಸದ ಲಾರಿಯ ಸದ್ದಿನಲ್ಲಿ ಕೆಟ್ಟಿತ್ತು. ಅದನ್ನು ಸ್ಟುಡಿಯೋದಲ್ಲಿ ಮತ್ತೆ ಹೇಳಿಸಿ ಧ್ವನಿ ಹಿಡಿಯಬೇಕಿತ್ತು. ಬಾಬಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲ್ಯಾಬಿಗೆ ಹೋಗುವವರ ಹಾಗೆ ಸಮಯಕ್ಕೆ ಸರಿಯಾಗಿ ಬಂದರು. ಹೆಡ್‌ಫೋನು ಹಾಕಿಸಿ ದೃಶ್ಯ ತೋರಿಸಿದೆ. ಹುಡುಗ ಬಾಗಿಲಲ್ಲಿ ಬೂಟು ಬಿಚ್ಚಿದ, ಒಳಗೆ ಬಂದ, ಚಿಕ್ಕಪ್ಪನ ಮುಂದೆ ನಿಂತ, ಗಾದೆ ಹೇಳಿದ. ಬಾಬಾ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು.

"ಈ ಹುಡುಗನಿಗೆ ನಾನು ಉತ್ತರ ಕೊಡಲ್ಲ" ಎಂದರು. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಮಾತ್ರ ತಲೆಬಾಗಿ ನಮಸ್ಕರಿಸಿ ಹೊರಟುಹೋದರು.

ಫೊಲಾಕೆ ಕುರ್ಚಿಯಲ್ಲಿ ಕುಸಿದಳು. "ನೋಡಿದ್ರಾ? ಅಪ್ಪನಿಗೆ ನನ್ನ ಸಿನಿಮಾನೇ ಅಸಹ್ಯ" ಎಂದಳು. ವಾಲ್ಟರ್ ಬಾಗಿಲಲ್ಲಿ ಇಣುಕಿ, ಅವಳ ಮುಖ ನೋಡಿ, ಏನೂ ಕೇಳದೆ ಅವಳಿಗೆ ಕಾಫಿ ತಂದುಕೊಟ್ಟ. ಅವನಿಗೆ ಬರುತ್ತಿದ್ದ ಸಮಾಧಾನದ ರೀತಿ ಅದೊಂದೇ.

ಅವಳನ್ನು ಮನೆಗೆ ಕಳಿಸಿ ನಾನು ಕೆಳಗಿನ ಟ್ರ್ಯಾಕು ತೆರೆದೆ. ಆ ದೃಶ್ಯದಿಂದ ತೆಗೆದದ್ದು ಏನೇನಿದೆ ಎಂದು ನೋಡುವ ಕುತೂಹಲ. ಗಾದೆಗೆ ಮುಂಚೆ ಹುಡುಗ ಏನೋ ಒಂದು ಚಿಕ್ಕ ಮಾತು ಹೇಳಿದ್ದ. "ಟೋಟೋ" ಎಂದು ಶುರುವಾಗುವ, ಎರಡು ಮೇಲಿನ ಸ್ವರಗಳಿಂದ ಕೆಳಗಿಳಿದು ಬರುವ ಮಾತು. ಅದರ ಹಿಂದೆಯೇ ಫ್ರಿಜ್ಜಿನ ಸದ್ದಿನಲ್ಲಿ ಅರ್ಧ ಮುಳುಗಿ, ಬಾಬಾ ಬಾಯೊಳಗೇ ಏನೋ ಗುನುಗಿದ್ದರು. ಆಮೇಲೆ ಹುಡುಗನ ಗಾದೆ. ಸಂಕಲನದಲ್ಲಿ ಫೊಲಾಕೆ ಹುಡುಗನ ಚಿಕ್ಕ ಮಾತನ್ನೂ ಅಪ್ಪನ ಗುನುಗನ್ನೂ ತೆಗೆಸಿ ನೇರ ಗಾದೆಗೆ ಹಾರಿಸಿದ್ದಳು.

ಮತ್ತೆ ಮತ್ತೆ ಕೇಳಿದೆ. ಅರ್ಥವಾಗದಿದ್ದರೂ ದನಿ ಪರಿಚಿತವೆನಿಸಿತು. ಧಾರವಾಡದ ನಮ್ಮತ್ತೆ ಫೋನಿನಲ್ಲಿ ತಮ್ಮ ಅಣ್ಣನ ಜೊತೆ ಮಾತಾಡುವಾಗ, ಏನಾದರೂ ತಿಳಿವಳಿಕೆಯ ಮಾತು ಹೇಳುವ ಮುಂಚೆ ದನಿ ತಗ್ಗಿಸಿ "ಅಣ್ಣಾ, ಸಣ್ಣ ಬಾಯಾಗ ದೊಡ್ಡ ಮಾತು ಆಡ್ತೀನಿ, ತಪ್ಪು ತಿಳೀಬ್ಯಾಡ" ಎನ್ನುತ್ತಾರೆ. ಅತ್ತ ಅಣ್ಣ "ಹೇಳವಾ" ಎಂದ ಮೇಲೆಯೇ ಮುಂದಿನದು. ಅಣ್ಣ ಹಾಗೆನ್ನದಿದ್ದರೆ ಫೋನು ಕೆಟ್ಟಿದೆ ಎಂದು ನನ್ನನ್ನು ಕೂಗುತ್ತಾರೆ.

ಬಾಬಾರ ಮನೆ ನಮ್ಮೂರಲ್ಲೇ, ಯೂನಿಯನ್ ಸಿಟಿಯ ಬಾರ್ಟ್ ರೈಲು ಸ್ಟೇಷನ್ನಿನ ಹತ್ತಿರ. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪು ಹಿಡಿದು ಹೋದೆ. ಅವರು ಹಿತ್ತಲಲ್ಲಿ ಟೊಮೇಟೊ ಗಿಡಗಳಿಗೆ ನೀರು ಹಾಕುತ್ತಿದ್ದರು. ಕೂರಿಸಿ, ಮೊದಲು ನೀರು, ಆಮೇಲೆ ಚಹಾ ಕೊಟ್ಟು, ನಮ್ಮ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸಿಕೊಂಡ ಮೇಲೆಯೇ ಬಂದ ಕಾರಣ ಕೇಳಿದರು. ನಾನು ಆ ತುಣುಕು ಕೇಳಿಸಿದೆ.

"ಇದು ಇದೆಯಾ ಇನ್ನೂ?" ಎಂದರು.

"ನಾವು ಏನನ್ನೂ ಎಸೆಯಲ್ಲ, ಬಾಬಾ. ಇದೇನು ಅಂತ ಹೇಳಿ."

ಅವರು ಬಿಡಿಸಿ ಹೇಳಿದರು. ಯೊರುಬಾದಲ್ಲಿ ಗಾದೆ ಹಿರಿಯರ ಸೊತ್ತು. ಕಿರಿಯರು ಹಿರಿಯರ ಮುಂದೆ ಗಾದೆ ಹೇಳಬೇಕಾದರೆ ಮೊದಲು ಅಪ್ಪಣೆ ಕೇಳಬೇಕು, ನಾನು ನಿಮ್ಮ ಮುಂದೆ ಗಾದೆ ಆಡುವ ಅಹಂಕಾರ ಮಾಡುತ್ತಿಲ್ಲ, ಕ್ಷಮಿಸಿ ಎಂದು. ಟೋಟೋ ಎಂದು ಶುರುವಾಗುವುದು ಆ ಕೋರಿಕೆ. ಹಿರಿಯರು ಅದಕ್ಕೆ ಉತ್ತರವಾಗಿ, ಇನ್ನೂ ಇಂಥ ಗಾದೆಗಳನ್ನು ಹೇಳುವಷ್ಟು ಕಾಲ ಬಾಳು ಎಂದು ಹರಸುತ್ತಾರೆ. ಆ ಹರಕೆ ಸಿಕ್ಕ ಮೇಲೆ ಗಾದೆ.

"ಈಗ ಅವನು ನನ್ನ ಮನೆಗೆ ನುಗ್ಗಿ ಅಪ್ಪಣೆ ಇಲ್ಲದೆ ಗಾದೆ ಹೇಳ್ತಾನೆ. ನಾನು ಬೊಂಬೆ ಥರ ಕೂತಿರ್ತೀನಿ" ಎಂದರು ಬಾಬಾ. "ಆ ಹುಡುಗ ಯಾರು ಅಂತ ಹಾಲಲ್ಲಿ ಕೂತೋರಿಗೆಲ್ಲ ಗೊತ್ತಾಗುತ್ತೆ, ಮೇಡಂ. ಅದು ನನ್ನ ಮಗಳೇ. ಶೂಟಿಂಗಲ್ಲಿ ಆ ಹುಡುಗ ಅಪ್ಪಣೆ ಕೇಳಿದಾಗ, ಇವಳು ಕೇಳ್ತಿದಾಳೆ ಅಂದ್ಕೊಂಡೇ ನಾನು ಹರಸಿದ್ದು. ಅದನ್ನೇ ಹುಡುಕಿ ತೆಗೆದು ಹಾಕಿದಾಳೆ. ನನ್ನ ಹತ್ರ ಕೇಳೋದು ಅವಳಿಗೆ ಬೇಡ ಅಂತ ಆಯ್ತಲ್ಲ."

"ಬೇಕಂತ ತೆಗೆದಿರಲ್ಲ" ಎಂದೆ. ಅವರು ಗಿಡಗಳ ಕಡೆ ನೋಡಿದರು. ನನ್ನ ಮಾತನ್ನು ನಂಬಲಿಲ್ಲ, ಹಾಗೆಂದು ಹೇಳುವುದು ಮರ್ಯಾದೆಯಲ್ಲ ಅಷ್ಟೆ. "ಆ ಕೆಟ್ಟುಹೋದ ಸಾಲು ಮತ್ತೆ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ. ಬರ್ತೀನಿ. ಹಾಲಿಗೆ ಮಾತ್ರ ಬರಲ್ಲ" ಎಂದರು.

ಸ್ಟುಡಿಯೋದಲ್ಲಿ ಫೊಲಾಕೆಯನ್ನು ಕೂರಿಸಿ ಅದೇ ತುಣುಕು ಕೇಳಿಸಿದೆ.

"ಓ ಅದಾ? ಅದು ಅಪ್ಪನ ಟೋಟೋ, ಆಂಟಿ. ಮನೆಗೆ ಯಾರಾದ್ರೂ ದೊಡ್ಡೋರು ಬಂದ್ರೆ ಅಪ್ಪ ದಿನವಿಡೀ ಅದನ್ನೇ ಅಂತಿರ್ತಾರೆ. ಬರೀ ಅಭ್ಯಾಸ. ನಾವು ಇಂಗ್ಲಿಷಲ್ಲಿ ಸೋ, ಯು ನೋ ಅನ್ನಲ್ವಾ, ಹಾಗೆ. ಕೆಳಗೆ ಸಬ್‌ಟೈಟಲ್ ಹಾಕೋಕೂ ಏನಿಲ್ಲ ಅಂತ ತೆಗೆದೆ."

"ಅದಕ್ಕೆ ನಿಮ್ಮಪ್ಪ ಏನೋ ಉತ್ತರ ಕೊಡ್ತಾರಲ್ಲ?"

"ಗಂಟಲು ಸರಿಮಾಡ್ಕೊಂಡ್ರು ಅಂದ್ಕೊಂಡೆ."

ಬಾಬಾ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಆ ತುಣುಕನ್ನು ಮತ್ತೊಮ್ಮೆ ಹಾಕಿ ಕೇಳಿದಳು. ಹುಟ್ಟಿದಾಗಿನಿಂದ ಕೇಳಿದ ಮಾತು, ಅದಕ್ಕೇ ಅವಳಿಗೆ ಕೇಳಿಸಿರಲಿಲ್ಲ. ದೊಡ್ಡವರು ದೊಡ್ಡವರು ಕೂತು ಆಡುತ್ತಿದ್ದ ಮಾತು ಅದು. ಮಕ್ಕಳು ಆಗ ಟಿವಿಯ ಮುಂದೆ. ಯೊರುಬಾ ಗೊತ್ತಿಲ್ಲದ ನಿರ್ದೇಶಕ ಇಂಥದ್ದನ್ನು ಮುಟ್ಟಲು ಹೆದರುತ್ತಿದ್ದ. ನೈಜೀರಿಯಾದಲ್ಲೇ ಬೆಳೆದವನು ಅದರ ಬೆಲೆ ತಿಳಿದು ಹಾಗೇ ಉಳಿಸುತ್ತಿದ್ದ. ತೆಗೆದು ಹಾಕುವುದು ಈ ನಡುವಿನ ಮಕ್ಕಳಿಗೆ ಮಾತ್ರ ಸಾಧ್ಯ. ನನ್ನ ಮಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅವಳಿಗೂ ನಾವು ಆಡುವುದೆಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ನಾವು ಮಾತಾಡುವಾಗ ಟಿವಿ ಹಾಕಿ ಕೂರಿಸಿದವರು ನಾವೇ ಅಲ್ಲವೇ.

"ಅಪ್ಪನಿಗೆ ನಾನು ಹೇಗೆ ಹೇಳ್ಲಿ, ಆಂಟಿ? ಸಾರಿ ಅಂದ್ರೆ ಹವಾಮಾನದ ಮಾತು ಶುರುಮಾಡ್ತಾರೆ" ಎಂದಳು ಫೊಲಾಕೆ.

ಮೊದಲು ವಾಲ್ಟರನಿಗೆ ಹೇಳಬೇಕಿತ್ತು. ದೃಶ್ಯದ ಉದ್ದ ಆಗಲೇ ಅಂತಿಮವಾಗಿತ್ತು. ಒಂದು ಕ್ಷಣ ಸೇರಿಸಿದರೂ ಮುಂದಿನ ಸಂಗೀತವೆಲ್ಲ ಜರುಗುತ್ತದೆ ಎಂದು ಅವನು ತಲೆ ಅಲ್ಲಾಡಿಸಿದ. ನಾನು ದೃಶ್ಯವನ್ನು ಹಿಂದಕ್ಕೆ ಓಡಿಸಿ ತೋರಿಸಿದೆ. ಹುಡುಗ ಬಾಗಿಲಲ್ಲಿ ಬಗ್ಗಿ ಬೂಟು ಬಿಚ್ಚುತ್ತಾನೆ, ಮುಖ ಕಾಣುವುದಿಲ್ಲ. ಆಮೇಲೆ ಚಿಕ್ಕಪ್ಪ ಬೆನ್ನು ತಿರುಗಿಸಿ ಚಹಾ ಬಗ್ಗಿಸುತ್ತಾರೆ, ಬಾಯಿ ಕಾಣುವುದಿಲ್ಲ. ಬಾಯಿ ಕಾಣದ ಕಡೆ ಯಾವ ಮಾತನ್ನು ಬೇಕಾದರೂ ಕೂರಿಸಬಹುದು. ವಾಲ್ಟರ್ ನೋಡಿದ, ಮೂಗು ಉಜ್ಜಿಕೊಂಡ. "ಅಲ್ಲಿ ಖಾಲಿ ಜಾಗ ಇದೆ ಅಂತ ನಾನು ಮೊದಲೇ ಹೇಳಿರಲಿಲ್ವಾ?" ಎಂದ. ಅವನು ಒಪ್ಪಿಕೊಳ್ಳುತ್ತಿದ್ದ ರೀತಿ ಅದು.

ಹುಡುಗನ ದನಿ ಹಳೆಯ ಟ್ರ್ಯಾಕಿನಲ್ಲಿ ಚೊಕ್ಕಟವಾಗಿತ್ತು, ಅದನ್ನೇ ಕೂರಿಸಿದೆ. ಬಾಬಾರ ಹರಕೆ ಮಾತ್ರ ಫ್ರಿಜ್ಜಿನಲ್ಲಿ ಮುಳುಗಿತ್ತು. ಅದನ್ನೂ ಮತ್ತೆ ಹೇಳಿಸಬೇಕು. ಎದುರಿಗೆ ಯಾರಾದರೂ ಅಪ್ಪಣೆ ಕೇಳದೆ ಹರಕೆಯ ದನಿ ಬರುವುದಿಲ್ಲ, ಗೋಡೆಗೆ ಆಶೀರ್ವಾದ ಮಾಡಿದ ಹಾಗಿರುತ್ತದೆ. ಹುಡುಗ ನಟ ಬೇರೆ ಊರಿಗೆ ಹೊರಟುಹೋಗಿದ್ದ.

"ನೀನೇ ಹೇಳು" ಎಂದೆ ಫೊಲಾಕೆಗೆ.

"ನನ್ನ ಯೊರುಬಾ ಕೇಳಿದ್ರೆ ಅಪ್ಪ ನಗ್ತಾರೆ."

"ನಗಲಿ ಬಿಡು. ನಕ್ಕರೆ ಹವಾಮಾನ ಬಿಟ್ಟು ಬೇರೆ ಏನೋ ಆಯ್ತಲ್ಲ."

ಬಾಬಾ ಬಂದರು, ಅದೇ ಇಸ್ತ್ರಿ ಅಂಗಿ. ಧ್ವನಿ ಹಿಡಿಯುವ ಗಾಜಿನ ಕೋಣೆಯಲ್ಲಿ ಕೂತು ಕೆಟ್ಟ ಸಾಲನ್ನು ಒಂದೇ ಸಲಕ್ಕೆ ಹೇಳಿ ಮುಗಿಸಿ ಏಳಹೊರಟರು. ನಾನು ಇನ್ನೊಂದಿದೆ ಎಂದೆ. ಫೊಲಾಕೆ ಒಳಗೆ ಹೋಗಿ ಅವರ ಎದುರಿನ ಕುರ್ಚಿ ಎಳೆದುಕೊಂಡಳು. ಆಮೇಲೆ ಏನನ್ನಿಸಿತೋ, ಕುರ್ಚಿ ಬಿಟ್ಟು ನೆಲದ ಮೇಲೆ ಮೊಣಕಾಲೂರಿದಳು. ಅವರಲ್ಲಿ ಹೆಣ್ಣುಮಕ್ಕಳು ಹಿರಿಯರಿಗೆ ನಮಸ್ಕರಿಸುವುದು ಹಾಗೆ. ನಾನು ಗಾಜಿನ ಈಚೆ ಕೂತು ಮೈಕು ತೆರೆದಿಟ್ಟು ಎಲ್ಲವನ್ನೂ ಹಿಡಿಯುತ್ತಿದ್ದೆ.

ಅವಳು ಅಪ್ಪಣೆಯ ಮಾತು ಹೇಳಿದಳು. ಮೊದಲ ಎರಡು ಸ್ವರ ಸರಿಯಾಗಿ ಮೇಲೆ ನಿಂತವು, ಆಮೇಲೆ ಇಳಿಯಬೇಕಾದ ಕಡೆ ಏರಿ, ಏರಬೇಕಾದ ಕಡೆ ತಡವರಿಸಿ ನಿಂತಳು. ಬಾಬಾ ನಗಲಿಲ್ಲ. ನಿಧಾನವಾಗಿ, ಮಗುವಿಗೆ ಹೇಳಿಕೊಡುವ ಹಾಗೆ, ಆ ಮಾತನ್ನು ತಾವೇ ಅಂದು ತೋರಿಸಿದರು. ಅವಳು ಅವರ ಬಾಯಿ ನೋಡುತ್ತ ಮತ್ತೆ ಹೇಳಿದಳು, ಈ ಸಲವೂ ಪೂರಾ ಸರಿ ಬರಲಿಲ್ಲ. ಆದರೆ ಕೊನೆಮುಟ್ಟಿದಳು.

ಬಾಬಾ ಹರಸಿದರು. ನಾನು ಎಷ್ಟೋ ಸಾವಿರ ಮಾತುಗಳನ್ನು ಹಸನು ಮಾಡಿದವಳು. ಅಷ್ಟು ಮೆತ್ತನೆಯ ದನಿಯನ್ನು ಅದಕ್ಕೆ ಮುಂಚೆ ಕೇಳಿದ ನೆನಪಿಲ್ಲ. ಹೇಳುವಾಗ ಅವರ ಕೈ ಮಗಳ ತಲೆಯ ಮೇಲಿತ್ತು. ಅವಳು ಗಾದೆ ಹೇಳಲು ಬಾಯಿ ತೆರೆದಳು, ಆಗಲಿಲ್ಲ, ಅಳು ಬಂದುಬಿಟ್ಟಿತು. ಬಾಬಾ ಗಾದೆಯ ಮೊದಲರ್ಧ ಹೇಳಿ ಸುಮ್ಮನಾದರು. ಉಳಿದರ್ಧವನ್ನು ಅವಳು ಅಳುತ್ತಲೇ ಮುಗಿಸಿದಳು. ನನ್ನ ಪಕ್ಕದಲ್ಲಿ ವಾಲ್ಟರ್ ಕಾಫಿ ತರುತ್ತೇನೆಂದು ಎದ್ದುಹೋದವನು ಬರಿಗೈಯಲ್ಲಿ, ಕೆಂಪು ಕಣ್ಣಿನಲ್ಲಿ ವಾಪಸು ಬಂದ.

ಓಕ್ಲ್ಯಾಂಡಿನ ಹಾಲಿನಲ್ಲಿ ಬಾಬಾ ಮುಂದಿನ ಸಾಲಿನಲ್ಲಿ ಕೂತಿದ್ದರು. ತೆರೆಯ ಮೇಲೆ ಹುಡುಗ ಬಗ್ಗಿ ಬೂಟು ಬಿಚ್ಚುತ್ತ ಅಪ್ಪಣೆ ಕೇಳಿದ. ಬಾಬಾರ ದನಿ ಹರಸುವ ಮುಂಚೆಯೇ ಕತ್ತಲಲ್ಲಿ ಕೂತಿದ್ದ ಹಿರಿಯರೆಲ್ಲ ತಾವಾಗಿ ಗುನುಗಿ ಹರಸಿಬಿಟ್ಟರು. ಇಡೀ ಹಾಲು ಒಂದು ಸಲ ಉಸಿರು ಬಿಟ್ಟ ಹಾಗಾಯಿತು. ತೆರೆಯ ಮೇಲೆ ಹರಕೆ ಪಡೆದವನು ಆ ಹುಡುಗ. ಆ ದನಿ ನಿಜವಾಗಿ ಯಾರಿಗೆ ಹೋಗಿತ್ತು ಎಂಬುದು ನಾಲ್ಕು ಜನಕ್ಕೆ ಮಾತ್ರ ಗೊತ್ತಿತ್ತು.

ಸಿನಿಮಾ ಮುಗಿದ ಮೇಲೆ ಬಾಬಾ ನನ್ನನ್ನು ಪಕ್ಕಕ್ಕೆ ಕರೆದರು. "ಅವಳು ಕೇಳಿದ್ದು, ಆ ತಪ್ಪು ತಪ್ಪಾಗಿ ಹೇಳಿದ್ದು, ಅದು ಎಲ್ಲಿ ಹೋಯ್ತು?" ಎಂದರು. ಸಿನಿಮಾದಲ್ಲಿ ಅದಕ್ಕೆ ಜಾಗವಿಲ್ಲ, ಕೆಳಗಿನ ಟ್ರ್ಯಾಕಿನಲ್ಲಿದೆ ಎಂದೆ. ನನಗೆ ಕೊಡಿ ಎಂದರು. ಸ್ವಲ್ಪ ಸರಿಮಾಡಿ ಕೊಡಲೇ ಎಂದು ಕೇಳಿದೆ. ಮುಟ್ಟಬೇಡಿ ಎಂದರು. ಹಾಗೇ ಕಳಿಸಿದೆ.

ಈ ಕೆಲಸಕ್ಕೆ ಬರುವ ಮಕ್ಕಳೇ, ಈಗಿನ ಸಾಫ್ಟ್‌ವೇರು ಕೇಳಿದರೆ ಆ ತುಣುಕನ್ನು ಕಣ್ಣು ಮಿಟುಕಿಸುವುದರಲ್ಲಿ ಅಳಿಸಿಹಾಕುತ್ತದೆ. ಅದರ ಲೆಕ್ಕದಲ್ಲಿ ಅದು ತೊದಲು. ಬಟನ್ನು ಒತ್ತುವ ಮುಂಚೆ ಒಮ್ಮೆ ಕೇಳಿಸಿಕೊಳ್ಳಿ. ನಾನು ಹೇಳಬಹುದಾದ ಬುದ್ಧಿ ಇಷ್ಟೇ.

ಮೊನ್ನೆ ಯೂನಿಯನ್ ಸಿಟಿಯ ಬಾರ್ಟ್ ಪ್ಲಾಟ್‌ಫಾರ್ಮಿನಲ್ಲಿ ಬಾಬಾ ಸಿಕ್ಕಿದರು. ಟೊಮೇಟೊ ಈ ಸಲ ಕೈಕೊಟ್ಟಿತು ಎಂದು ಹೇಳುತ್ತಿರುವಾಗ ಅವರ ಜೇಬಿನೊಳಗಿಂದ ಫೊಲಾಕೆಯ ದನಿ ಕೇಳಿಸಿತು. ಎರಡು ಸ್ವರ ಸರಿಯಾಗಿ ಮೇಲೆ ನಿಂತು, ಆಮೇಲೆ ಇಳಿಯಬೇಕಾದ ಕಡೆ ಏರಿ ತಡವರಿಸುವ ಅದೇ ಅಪ್ಪಣೆ. ಮಗಳ ಫೋನು ಬಂದರೆ ಹೀಗೆ ಕೂಗಲಿ ಎಂದು ಯಾರಿಂದಲೋ ಹಾಕಿಸಿಕೊಂಡಿದ್ದಾರೆ. ಬಾಬಾ ಜೇಬಿಗೆ ಕೈ ಹಾಕುತ್ತ ಬಾಯೊಳಗೇ ಹರಕೆ ಗುನುಗಿದರು, ಆಮೇಲೆ ಫೋನು ಕಿವಿಗಿಟ್ಟು ಊಟ ಮಾಡಿದೆಯಾ ಎಂದು ಗದರಿಸತೊಡಗಿದರು.